ಉಪ್ಪು ಹಚ್ಚದ ಕಮರಾಕ್ಷಿ

ಡಬ್ಬಿಯಲ್ಲಿ ಮೂರು ಬಿಲ್ಲೆ ಉಳಿದಿದ್ದವು. ಅಡ್ಡ ಕೊಯ್ದಿದ್ದರಿಂದ ಒಂದೊಂದಕ್ಕೂ ಐದು ಮೂಲೆ. ಮೂಲೆಗಳ ತುದಿಯಲ್ಲಿ ಮಾತ್ರ ಹಸಿರು, ನಡುವೆ ಮೇಣದಂಥ ಹಳದಿ. ಬೀಜಗಳನ್ನು ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆದಿದ್ದರು. ಮೇಲೆ ಉಪ್ಪಿರಲಿಲ್ಲ, ಖಾರದ ಪುಡಿಯೂ ಇರಲಿಲ್ಲ. ಉಪ್ಪಿಲ್ಲದ್ದನ್ನು ನಾನು ಮೊದಲು ಗಮನಿಸಿದೆ, ಗಮನಿಸಿ ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಆ ಡಬ್ಬಿಯ ವಿಷಯಕ್ಕೆ ಬರುವ ಮೊದಲು ಕೆಲವು ಮಾತು ಹೇಳಬೇಕು.

ನಾನು ಡಯಾಲಿಸಿಸ್ ಟೆಕ್ನಿಶಿಯನ್ ಆಗಿದ್ದೆ. ರಾಜಾಜಿನಗರದ ಒಂದು ಸಣ್ಣ ನರ್ಸಿಂಗ್ ಹೋಮಿನ ಮೊದಲ ಮಹಡಿ. ಆರು ಹಾಸಿಗೆ, ಆರು ಮೆಷಿನ್. ಎರಡು ಸಾವಿರದ ದಶಕದ ಹೆಚ್ಚಿನ ಭಾಗವನ್ನು ಅಲ್ಲಿ ಕಳೆದೆ. ಆ ಘಟಕವನ್ನು ನಡೆಸುತ್ತಿದ್ದವರು ಡಾಕ್ಟರ್ ಮರಿಸ್ವಾಮಿ. ವಯಸ್ಸಾಯಿತೆಂದು ಅವರು ಅದನ್ನು ಬೇರೆಯವರಿಗೆ ಒಪ್ಪಿಸಿದ ದಿನವೇ ನಾನೂ ಕೆಲಸ ಬಿಟ್ಟೆ. "ಇಬ್ಬರೂ ಒಟ್ಟಿಗೆ ರಿಟೈರ್ ಆಗ್ತಾ ಇದೀವಿ, ಕೇಕ್ ಒಂದೇ ಸಾಕು" ಎಂದರು. ಅವರಿಗೆ ಎಪ್ಪತ್ತು ದಾಟಿತ್ತು, ನನಗೆ ಮೂವತ್ತು ತುಂಬಿರಲಿಲ್ಲ. ನಾನು ಬಿಟ್ಟ ಕಾರಣ ನನ್ನ ಮನೆಯದು, ಇಲ್ಲಿ ಬೇಡ. ಡಾಕ್ಟರು ಈಗ ಇಲ್ಲ. ನನ್ನ ಕಾಲೇಜಿನಲ್ಲಿ ಅದೇ ಕೋರ್ಸ್ ಮುಗಿಸುತ್ತಿರುವ ಹುಡುಗಿಯರು, "ಕೆಲಸ ನಿಜವಾಗಿ ಹೇಗಿರುತ್ತೆ ಅಕ್ಕ, ಬರೆದುಕೊಡಿ" ಎಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ಆ ಕೆಲಸವನ್ನು ಚೆನ್ನಾಗಿ ಮಾಡಿದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕಿಡ್ನಿ ಪೂರ್ತಿ ಕೈಬಿಟ್ಟವರ ರಕ್ತವನ್ನು ಒಂದು ಸೂಜಿಯಿಂದ ಹೊರಗೆಳೆದು, ಮೆಷಿನ್ನಿನಲ್ಲಿ ಶುದ್ಧ ಮಾಡಿ, ಇನ್ನೊಂದು ಸೂಜಿಯಿಂದ ಒಳಗೆ ಬಿಡುವುದು ನಮ್ಮ ಕೆಲಸ. ನಾಲ್ಕು ಗಂಟೆ, ವಾರಕ್ಕೆ ಎರಡು ಸಲ. ಇಂಥವರಲ್ಲಿ ಹೆಚ್ಚಿನವರಿಗೆ ಮೂತ್ರ ಹೋಗುವುದಿಲ್ಲ, ಹಾಗಾಗಿ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ಮೊದಲು ಪಾದಕ್ಕೆ, ಆಮೇಲೆ ಮುಖಕ್ಕೆ, ಕೊನೆಗೆ ಶ್ವಾಸಕೋಶಕ್ಕೆ. ಒಂದು ಸರದಿ ತಪ್ಪಿದರೆ ಅಂಗಾತ ಮಲಗಲು ಆಗದಷ್ಟು ಉಬ್ಬಸ. ಬರುವುದನ್ನೇ ನಿಲ್ಲಿಸಿದರೆ ಬದುಕುವುದಿಲ್ಲ. ಇಷ್ಟನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆ. ಬಾಯಾರಿಕೆಯನ್ನು ಮಾತ್ರ ಕಲಿಸುವುದಿಲ್ಲ.

ಅದನ್ನು ಕಲಿಸಿದವರು ಡಾಕ್ಟರು. ಸಂದರ್ಶನಕ್ಕೆ ಹೋದಾಗ ನನ್ನ ಅಂಕಪಟ್ಟಿಯನ್ನು ತೆರೆಯಲೇ ಇಲ್ಲ. ಮೇಜಿನ ಮೇಲೆ ಅರ್ಧ ಲೀಟರಿನ ಸ್ಟೀಲ್ ಬಾಟಲಿ ಇಟ್ಟರು.

"ಭಾನುವಾರ ಇದು ನಿನ್ನ ನೀರು. ಕಾಫಿ, ಸಾರು, ಮಜ್ಜಿಗೆ ಎಲ್ಲ ಇದರ ಲೆಕ್ಕದಲ್ಲೇ. ಬರೀ ಒಂದು ದಿನ, ಅದಕ್ಕಿಂತ ಹೆಚ್ಚು ನಮ್ಮ ನಿಮ್ಮಂಥೋರು ಮಾಡಬಾರದು. ಸೋಮವಾರ ಬಂದು ಏನು ಕಲಿತೆ ಹೇಳು."

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬಾಟಲಿಯಲ್ಲಿ ಎರಡು ಗುಟುಕು ಉಳಿದಿತ್ತು. ನಾನು ಸಾರನ್ನು ಬಟ್ಟಲಿಗೆ ಅಳೆದು ಹಾಕಿಕೊಳ್ಳುವುದನ್ನು ಅಮ್ಮ ನೋಡಿದಳು.

"ಇದ್ಯಾವ ವ್ರತ ಕಣೇ? ಏಕಾದಶಿಗೂ ಜನ ನೀರು ಕುಡೀತಾರೆ."

"ಕೆಲಸದ್ದು ಅಮ್ಮ."

"ಇಂಥ ಕೆಲಸ ಕೊಡೋ ಡಾಕ್ಟ್ರಿಗೆ ಬುದ್ಧಿ ಸರಿ ಇದೆಯಾ ಕೇಳು ಮೊದ್ಲು."

ಸಂಜೆ ಪಕ್ಕದ ಮನೆಯವರು ಗಿಡಕ್ಕೆ ನೀರು ಬಿಡುವುದನ್ನು ನೋಡುತ್ತಾ ಕಿಟಕಿಯಲ್ಲಿ ನಿಂತುಬಿಟ್ಟಿದ್ದೆ. ಸೋಮವಾರ ಡಾಕ್ಟರಿಗೆ ಅದನ್ನೇ ಹೇಳಿದೆ: "ಸಂಜೆ ಮೇಲೆ ಬೇರೆ ಯೋಚನೆಯೇ ಬರಲ್ಲ ಸರ್."

"ಅಷ್ಟೇ. ಇನ್ನು ನೀನು ಯಾರಿಗೂ 'ಯಾಕೆ ಕುಡಿದ್ರಿ' ಅಂತ ಬೈಯಲ್ಲ. ಕೆಲಸಕ್ಕೆ ಸೇರಿಕೋ."

ಬಾಯಾರಿಕೆಯೇ ಅವರ ಜೀವಮಾನದ ವಿಷಯವಾಗಿತ್ತು. ಮಾಗಡಿ ಕಡೆಯ ಹಳ್ಳಿಯವರು. ಅವರು ಓದುತ್ತಿದ್ದ ಕಾಲಕ್ಕೆ ತಾಯಿಗೆ ಕಿಡ್ನಿ ಕೆಟ್ಟಿತ್ತು, ಡಯಾಲಿಸಿಸ್ ಎಂಬುದು ಆಗ ದೊಡ್ಡ ಆಸ್ಪತ್ರೆಗಳಲ್ಲೂ ಅಪರೂಪ. ಕೊನೆಯ ದಿನಗಳಲ್ಲಿ ತಾಯಿ ನೀರು ಕೇಳಿದರೆ ಕೊಡಬೇಡಿ ಎಂದು ವೈದ್ಯರು ಹೇಳಿದ್ದರಂತೆ. ಕೊಡದೆ ಕುಳಿತವರು ಇವರು. ಇದನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದರು. ನಾನೂ ಒಮ್ಮೆ ಮಾತ್ರ ಬರೆಯುತ್ತೇನೆ.

ಬೇರೆ ವೈದ್ಯರು ರೋಗಿಯನ್ನು ಕಂಡ ಕೂಡಲೇ "ಎಷ್ಟು ನೀರು ಕುಡಿದ್ರಿ?" ಎನ್ನುತ್ತಿದ್ದರು. ಇವರು "ಏನು ತಿಂದ್ರಿ?" ಎನ್ನುತ್ತಿದ್ದರು. ನೀರು ಕುಡಿಸುವುದು ನಾಲಿಗೆಯ ಉಪ್ಪು, ಉಪ್ಪು ಹಿಡಿದರೆ ನೀರು ತಾನಾಗಿ ಹಿಡಿತಕ್ಕೆ ಬರುತ್ತದೆ ಎಂಬುದು ಅವರ ವಾದ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು ಇವುಗಳ ಬಗ್ಗೆ ಅವರು ಮಾತಾಡುವಾಗ ಪೊಲೀಸರು ಹಳೇ ಕಳ್ಳರ ಬಗ್ಗೆ ಮಾತಾಡಿದಂತಿರುತ್ತಿತ್ತು.

ಶನಿವಾರ ಸಂಜೆ ಮಾಗಡಿ ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳ ಗೇಟಿನ ಹತ್ತಿರ ನಿಲ್ಲುವುದು ಅವರ ಇನ್ನೊಂದು ಅಭ್ಯಾಸ. ಕೆಲಸ ಮುಗಿಸಿ ಬರುವ ಹೆಂಗಸರನ್ನು ತಡೆದು, "ಅಮ್ಮ, ನಿಮ್ಮ ನೀರಿನ ಬಾಟಲಿ ಸ್ವಲ್ಪ ತೋರಿಸಿ" ಎನ್ನುತ್ತಿದ್ದರು. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ. ಬೆಳಿಗ್ಗೆ ತುಂಬಿಸಿದ ಬಾಟಲಿ ಎಷ್ಟೋ ಜನರ ಚೀಲದಲ್ಲಿ ಸಂಜೆಯೂ ಹಾಗೇ ತುಂಬಿರುತ್ತಿತ್ತು. ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕು, ಎದ್ದರೆ ಸೂಪರ್‌ವೈಸರ್ ಗೊಣಗುತ್ತಾನೆ. ಒಂದು ಕಡೆ ಸೆಕ್ಯೂರಿಟಿಯವನು ಬಂದು, "ಏನ್ ಸಾರ್, ನೀವು ವಾಟರ್ ಬೋರ್ಡ್‌ನೋರಾ?" ಎಂದ. "ಹೂಂ ಅಪ್ಪ, ಒಳಗಡೆ ಪೈಪಿನೋರು" ಎಂದರು ಡಾಕ್ಟರು. ಆ ಬಗ್ಗೆ ಅವರು ಬರೆದರು, ಸಭೆಗಳಲ್ಲಿ ಮಾತಾಡಿದರು. ಇದರಿಂದಲೇ ಕಿಡ್ನಿ ಕೆಡುತ್ತದೆ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. "ಕೇಳಬೇಕಾದ ಪ್ರಶ್ನೆ ಇದು, ಉತ್ತರ ಇನ್ನೂ ನನ್ನ ಹತ್ರ ಇಲ್ಲ" ಎನ್ನುತ್ತಿದ್ದರು.

ನಾನು ಸೇರಿದ ಹೊಸದರಲ್ಲಿ ರಕ್ತ ಶೋಧಿಸುವ ಕೊಳವೆಗಳನ್ನು ಕೈಯಿಂದಲೇ ತೊಳೆದು, ಕ್ರಿಮಿ ಕೊಲ್ಲುವ ಫಾರ್ಮಲಿನ್ ತುಂಬಿಸಿಟ್ಟು, ಅದೇ ರೋಗಿಗೆ ಮತ್ತೆ ಬಳಸುತ್ತಿದ್ದೆವು. ಮನೆಗೆ ಹೋದರೂ ಬೆರಳಿನ ವಾಸನೆ ಹೋಗುತ್ತಿರಲಿಲ್ಲ. ಅಮ್ಮ ನನ್ನ ಕೈಗೆ ತರಕಾರಿ ಕೊಡುತ್ತಿರಲಿಲ್ಲ. ಆಮೇಲೆ ತೊಳೆಯುವ ಯಂತ್ರ ಬಂತು. ಕರೆಂಟ್ ಹೋದರೆ ಜನರೇಟರ್ ಶುರುವಾಗುವವರೆಗೆ ಮೆಷಿನ್ನಿನ ಚಕ್ರಕ್ಕೆ ಹಿಡಿಕೆ ಸಿಕ್ಕಿಸಿ ಕೈಯಿಂದ ತಿರುಗಿಸಬೇಕಿತ್ತು, ಇಲ್ಲದಿದ್ದರೆ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನರ್ಸ್, ಆಯಾ, ಪೇಪರ್ ಓದುತ್ತಾ ಕುಳಿತ ರೋಗಿಯ ಗಂಡ, ಎಲ್ಲರೂ ಒಂದೊಂದು ಮೆಷಿನ್ನಿಗೆ ಓಡುತ್ತಿದ್ದೆವು. ಮುಂದೆ ಬ್ಯಾಟರಿ ಇರುವ ಮೆಷಿನ್ ಬಂದವು. ಹೊಸಬರಿಗೆ ನನ್ನ ಸಲಹೆ: ಆ ಹಿಡಿಕೆ ಎಲ್ಲಿದೆ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಒಮ್ಮೆ ತೂಕದ ಯಂತ್ರ ನಮ್ಮನ್ನೆಲ್ಲ ಮೂರ್ಖರನ್ನಾಗಿ ಮಾಡಿತು. ಹಿಂದಿನ ಸರದಿಯಿಂದ ಎಷ್ಟು ತೂಕ ಏರಿದೆಯೋ ಅಷ್ಟು ನೀರನ್ನು ಮೆಷಿನ್ ಎಳೆಯಬೇಕು, ಹಾಗಾಗಿ ಎಲ್ಲವೂ ಆ ತೂಕದ ಮೇಲೆ ನಿಂತಿದೆ. ಸುಣ್ಣ ಹೊಡೆಯಲು ಬಂದವರು ಯಂತ್ರವನ್ನು ಜರುಗಿಸಿ ಒಡೆದ ಟೈಲ್ಸಿನ ಮೇಲೆ ಇಟ್ಟು ಹೋಗಿದ್ದರು. ಬಂದವರೆಲ್ಲ ಎರಡು ಕೆಜಿ ಹೆಚ್ಚು. ಡ್ಯೂಟಿ ಡಾಕ್ಟರು ಎಲ್ಲರಿಗೂ ಉಪ್ಪಿನ ಬಗ್ಗೆ ಭಾಷಣ ಮಾಡಿದರು. ನಗರದ ಅಂಚಿನ ಉಲ್ಲಾಳದಿಂದ ಬರುತ್ತಿದ್ದ ಚಿಕ್ಕಮುನಿಯಪ್ಪನವರು ಮಾತ್ರ ಇಳಿಯಲೇ ಇಲ್ಲ.

"ಪಂಚೆ ಬಿಚ್ಚಿಟ್ಟು ನಿಲ್ಲಲಾ ಮೇಡಂ? ಎರಡು ಕೆಜಿ ಪಂಚೆ ಉಟ್ಕೊಂಡಿಲ್ಲ ನಾನು."

ಆಗ ಡಾಕ್ಟರ್ ಮರಿಸ್ವಾಮಿಯವರೇ ಹತ್ತಿ ನಿಂತು ನೋಡಿದರು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಟೆಕ್ನಿಶಿಯನ್ ಮೊದಲು ನಿಂತು ಯಂತ್ರ ಸರಿಯಿದೆಯೇ ಎಂದು ನೋಡುವ ಪದ್ಧತಿ ಬಂತು. ನನ್ನ ತೂಕ ಇಡೀ ಘಟಕಕ್ಕೆ ಗೊತ್ತಾಯಿತು. ಅದು ನನಗೆ ಇಷ್ಟವಿರಲಿಲ್ಲ.

ಚಿಕ್ಕಮುನಿಯಪ್ಪನವರು ಉಲ್ಲಾಳದ ಹಳೇ ಒಕ್ಕಲು ಮನೆತನದವರು. ಹೊಲವೆಲ್ಲ ಲೇಔಟ್ ಆಗಿ, ಮನೆಯ ಹಿಂದೆ ನಾಲ್ಕು ಮರ ಉಳಿದಿದ್ದವು. ಅವರ ಪಕ್ಕದ ಹಾಸಿಗೆ ಶಾಂತವ್ವ ಅವರದು. ಗದಗ ಕಡೆಯಿಂದ ಬಂದು ಹೆಗ್ಗನಹಳ್ಳಿಯಲ್ಲಿ ತಂಗಿ ರೇಣುಕಾ ಜೊತೆ ಬಾಡಿಗೆಗೆ ಇದ್ದರು. ಗಾರ್ಮೆಂಟ್ಸಿನಲ್ಲಿ ಬಹಳ ಕಾಲ ದುಡಿದು, ಕಾಯಿಲೆ ಬಂದ ಮೇಲೆ ಮನೆ ಹತ್ತಿರದ ಒಂದು ಟೈಲರಿಂಗ್ ಯೂನಿಟ್ಟಿನಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದ್ದರು. ಇಬ್ಬರದೂ ಸೋಮವಾರ, ಗುರುವಾರದ ಬೆಳಗಿನ ಸರದಿ. ನಾಲ್ಕು ಗಂಟೆಯೂ ಜಗಳ.

"ಯಜಮಾನ್ರ, ಆ ಮುದ್ದಿ ನುಂಗಾಕ ಎಷ್ಟು ನೀರು ಬೇಕ್ರಿ? ನಮ್ಮ ರೊಟ್ಟಿ ತಿಂದು ನೋಡ್ರಿ."

"ನಿಮ್ಮ ರೊಟ್ಟಿ ಒಣ ಸೌದೆ ಕಣಮ್ಮ. ಅದನ್ನ ತಿಂದ್ರೆ ಉಲ್ಲಾಳ ಕೆರೆ ಪೂರ್ತಿ ಕುಡೀಬೇಕಾಯ್ತದೆ. ಮುದ್ದೆ ಆದ್ರೆ ತಾನಾಗೇ ಜಾರ್ತದೆ."

"ಜಾರೂದು ಖರೇನ. ಅದಕ್ಕ ನಿಮ್ಮ ತೂಕ ಜಾರವಲ್ದು."

ಶಾಂತವ್ವನವರ ಬಾಯಾರಿಕೆ ಉಳಿದವರಿಗಿಂತ ಹೆಚ್ಚು. ಎದುರಿಗೆ ದಿನವಿಡೀ ಇಸ್ತ್ರಿಪೆಟ್ಟಿಗೆಯ ಆವಿ. ಒಮ್ಮೆ ನನಗೆ ಹೇಳಿದರು: "ಆಗ ಫ್ಯಾಕ್ಟರ್‍ಯಾಗ ನೀರಿತ್ರಿ ಅಕ್ಕಾರ, ಕುಡಿಯಾಕ ಅವ್ರು ಬಿಡಲಿಲ್ಲ. ಈಗ ಮನ್ಯಾಗ ನೀರು ಐತಿ, ಕುಡಿಯಾಕ ನೀವು ಬಿಡಂಗಿಲ್ಲ." ಹೇಳಿ ನಕ್ಕರು. ನಾನು ಸೂಜಿಯ ಪ್ಲಾಸ್ಟರ್ ಸರಿ ಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಬಾಯಾರಿಕೆಗೆ ಡಾಕ್ಟರು ಒಂದು ಉಪಾಯ ಹೇಳುತ್ತಿದ್ದರು. ನೀರು ಬೇಕೆನಿಸಿದಾಗ ಹುಳಿಯ ಒಂದು ಚೂರು ಬಾಯಲ್ಲಿಟ್ಟುಕೊಳ್ಳಿ, ಜೊಲ್ಲು ಬರುತ್ತೆ, ಬಾಯಿ ಒಣಗಲ್ಲ. ಉಪ್ಪು ಮಾತ್ರ ಹಚ್ಚಬೇಡಿ. ಅವರ ಮನಸ್ಸಿನಲ್ಲಿದ್ದದ್ದು ನಿಂಬೆಹೋಳು. ಬಾಯಲ್ಲಿ ಬರುತ್ತಿದ್ದ ಮಾತು "ಹುಳಿ". ಬಾಳೆಹಣ್ಣು, ಕಿತ್ತಳೆ, ಎಳನೀರು ಬೇಡ ಎಂಬುದನ್ನು ರೋಗಿಗಳೆಲ್ಲ ಬಾಯಿಪಾಠ ಮಾಡಿದ್ದರು. ಕಮರಾಕ್ಷಿಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಶಾಲೆಗಳ ಮುಂದೆ ಗಾಡಿಯವರು ಸ್ಟಾರ್ ಫ್ರೂಟ್ ಎಂದು ಉಪ್ಪುಖಾರ ಹಚ್ಚಿ ಮಾರುವ ಹಣ್ಣು ಅದು, ರೋಗಿಗಳ ಊಟದ ಮಾತಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಒಂದು ಗುರುವಾರ ಚಿಕ್ಕಮುನಿಯಪ್ಪನವರು ಬಟ್ಟೆಚೀಲದ ತುಂಬ ಕಮರಾಕ್ಷಿ ತಂದರು. ಮನೆಯ ಹಿಂದಿನ ಮರದ್ದು, ಅವರ ಹೆಂಡತಿ ಇದ್ದಾಗ ನೆಟ್ಟದ್ದು.

"ತಗಳಮ್ಮ, ಗದಗಿನ ಸೊಸೆ. ಡಾಕ್ಟ್ರು ಹೇಳಿದ ಹುಳಿ. ಉಪ್ಪು ಹಚ್ಚಿದ್ರೆ ನಾನೇ ಹೇಳ್ಕೊಡ್ತೀನಿ ಅವರ್ಗೆ."

"ನೀವು ತಿನ್ನೂದಿಲ್ಲೇನ್ರಿ ಯಜಮಾನ್ರ?"

"ನಂಗೆ ಹಲ್ಲು ಜುಮ್ಮಂತದೆ. ನಾನು ನೋಡಿ ಜೊಲ್ಲು ಸುರಿಸ್ಕೊತೀನಿ, ಸಾಕು."

ನಾವೆಲ್ಲ ನಕ್ಕೆವು.

ಸೋಮವಾರ ಬೆಳಿಗ್ಗೆ ಶಾಂತವ್ವನವರು ಬಿಕ್ಕಳಿಸುತ್ತಾ ಮೆಟ್ಟಿಲು ಹತ್ತಿ ಬಂದರು. ಹಿಂದಿನ ಸಂಜೆಯಿಂದ ನಿಂತಿಲ್ಲ ಎಂದಳು ಜೊತೆಗಿದ್ದ ರೇಣುಕಾ. ರಕ್ತದಲ್ಲಿ ಕಲ್ಮಶ ಹೆಚ್ಚಾದರೆ ಬಿಕ್ಕಳಿಕೆ ಬರುವುದು ಈ ಕಾಯಿಲೆಯಲ್ಲಿ ಉಂಟು. ಡ್ಯೂಟಿ ಡಾಕ್ಟರು ಅದನ್ನೇ ಹೇಳಿದರು: "ಮೆಷಿನ್‌ಗೆ ಹಾಕಿ, ಸರಿಹೋಗುತ್ತೆ." ಹಾಕಿದೆ. ಮೂರನೇ ಗಂಟೆಯ ಹೊತ್ತಿಗೆ ಬಿಕ್ಕಳಿಕೆ ನಿಂತಿತು. ಎಲ್ಲರಿಗೂ ಸಮಾಧಾನವಾಯಿತು. ನನಗೆ ಪೂರ್ತಿ ಆಗಲಿಲ್ಲ. ತೂಕ ಹೆಚ್ಚು ಏರಿರಲಿಲ್ಲ, ಗುರುವಾರ ಸರದಿ ತಪ್ಪಿಸಿರಲಿಲ್ಲ. ಕಲ್ಮಶ ಅಷ್ಟೊಂದು ಏರಲು ಕಾರಣವೇ ಇರಲಿಲ್ಲ. ಅವರನ್ನು ಮನೆಗೆ ಕಳಿಸದೆ ಪಕ್ಕದ ಮಂಚದಲ್ಲಿ ಮಲಗಿಸಿಕೊಂಡೆ.

ಮಧ್ಯಾಹ್ನ ಬಿಕ್ಕಳಿಕೆ ಮರಳಿ ಬಂತು. ಈ ಸಲ ಮೈಯೆಲ್ಲ ಕುಲುಕುತ್ತಿತ್ತು. ರೇಣುಕಾ ಮುಖದ ಹತ್ತಿರ ಬಾಗಿ, "ಅಕ್ಕಾ, ನಾನ್ಯಾರು ಹೇಳು?" ಎಂದಳು. ಶಾಂತವ್ವನವರು ಅವಳನ್ನು ದಾಟಿ ಗೋಡೆಯನ್ನು ನೋಡುತ್ತಿದ್ದರು.

ನಾನು ಡಾಕ್ಟರ್ ಮರಿಸ್ವಾಮಿಯವರನ್ನು ಕೆಳಗಿನ ಕೋಣೆಯಿಂದ ಕರೆಸಿದೆ. ಬಂದು ನಾಡಿ ಹಿಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಅವರ ಯಾವಾಗಿನ ಪ್ರಶ್ನೆ.

"ನಿನ್ನೆಯಿಂದ ಏನೇನು ತಿಂದ್ಲು ಹೇಳಮ್ಮ."

"ಹೊಸಾದು ಏನೂ ಇಲ್ರಿ ಸರ್. ರೊಟ್ಟಿ, ಹೀರೀಕಾಯಿ ಪಲ್ಯ. ಉಪ್ಪು ಹಾಕಿಲ್ರಿ."

"ಬಾಯಾರಿಕೆಗೆ?"

"ನೀವ ಹೇಳಿದ್ರಲ್ರಿ ಸರ್, ಹುಳಿ. ನಿನ್ನೆ ಆರ್ಡರ್ ಭಾಳ ಇತ್ರಿ, ಸಂಜೀತನಕ ಇಸ್ತ್ರಿ. ಡಬ್ಬಿ ತುಂಬ ಒಯ್ದಿದ್ಲು, ಇಷ್ಟ ಬಿಟ್ಟು ಎಲ್ಲಾ ತಿಂದಾಳ್ರಿ." ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು.

ಮೂರು ಬಿಲ್ಲೆ. ನಾನು ಉಪ್ಪಿಲ್ಲದ್ದನ್ನು ನೋಡಿದೆ. ಡಾಕ್ಟರು ಹಣ್ಣನ್ನು ನೋಡಿದರು. ಅವರ ಮುಖ ಹಾಗಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೊರದೇಶದ ವೈದ್ಯರು ಬರೆದದ್ದನ್ನು ಎಂದೋ ಓದಿದ್ದರು, ಕಿಡ್ನಿ ಇಲ್ಲದವರು ಈ ಹಣ್ಣು ತಿಂದರೆ ಬಿಕ್ಕಳಿಕೆ ಶುರುವಾಗಿ, ಬುದ್ಧಿ ಮಂಕಾಗಿ, ಫಿಟ್ಸ್ ಬಂದು, ಪ್ರಾಣವೂ ಹೋಗಬಹುದೆಂದು. ನಮ್ಮಲ್ಲಿ ಯಾರಿಗೂ ಆಗಿರಲಿಲ್ಲ.

"ಮತ್ತೆ ಮೆಷಿನ್‌ಗೆ ಹಾಕಬೇಕು. ಈಗಲೇ. ನಾಲ್ಕು ಗಂಟೆ ಸಾಲದು. ಯಾವುದು ಖಾಲಿ ಇದೆ?"

ಐದು ನಡೆಯುತ್ತಿದ್ದವು. ಆರನೆಯದು ಚಿಕ್ಕಮುನಿಯಪ್ಪನವರಿಗೆಂದು ಸಿದ್ಧವಾಗಿತ್ತು. ಮನೆಗೆ ನೆಂಟರು ಬಂದಿದ್ದಾರೆಂದು ಅವರು ಅಂದು ಮಧ್ಯಾಹ್ನದ ಸರದಿ ಕೇಳಿದ್ದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಂತು, ಯಾರಾದರೂ ಬಂದು ನೋಡಲಿ ಎಂದು ಕಾಯುತ್ತಿದ್ದರು. ಡಾಕ್ಟರು ಡಬ್ಬಿ ಹಿಡಿದುಕೊಂಡೇ ಹೋದರು.

"ಮುನಿಯಪ್ಪನೋರೆ, ನಿಮ್ಮ ಮೆಷಿನ್ ಬೇಕು. ಶಾಂತವ್ವಂಗೆ ತುಂಬ ಕಷ್ಟ ಆಗಿದೆ. ನಿಮಗೆ ನಾಳೆ ಬೆಳಿಗ್ಗೆ ಮೊದಲ ಸರದಿ."

"ಹಾಕಿ ಬುದ್ಧಿ, ನನ್ನ ಕೇಳ್ಬೇಕಾ? ನಂದೇನು, ಇವತ್ತೊಂದಿನ ದಿಂಬು ಎತ್ತರ ಮಾಡ್ಕೊಂಡು ಮಲಗ್ತೀನಿ." ಆಗ ಡಬ್ಬಿ ಕಣ್ಣಿಗೆ ಬಿತ್ತು. "ಓ, ನಮ್ಮ ಮರದ್ದು! ತಿಂದ್ಲಾ?"

ಡಾಕ್ಟರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇದರಿಂದಲೇ ಆಗಿದ್ದು. ಇದರಲ್ಲಿ ಒಂದು ವಿಷ ಇದೆ. ಕಿಡ್ನಿ ಇದ್ದೋರಿಗೆ ಮೂತ್ರದಲ್ಲಿ ಹೋಗುತ್ತೆ. ಇಲ್ಲದೋರಿಗೆ ತಲೆಗೆ ಏರುತ್ತೆ." ಇಷ್ಟು ಹೇಳಿ ಒಳಗೆ ಓಡಿದರು. ನಾನೂ ಓಡಿದೆ, ಸೂಜಿ ಹಾಕಬೇಕಿತ್ತು.

ಶಾಂತವ್ವನವರನ್ನು ಮೆಷಿನ್ನಿಗೆ ಸೇರಿಸಿ ತಿರುಗಿ ಬಂದಾಗ ತೂಕದ ಯಂತ್ರದ ಮೇಲೆ ಯಾರೂ ಇರಲಿಲ್ಲ. ಚಪ್ಪಲಿ ಮಾತ್ರ ಪಕ್ಕದಲ್ಲಿತ್ತು.

ಡಾಕ್ಟರು ಆ ಮಧ್ಯಾಹ್ನ ಹಾಸಿಗೆಯ ಪಕ್ಕದಿಂದ ಕದಲಲಿಲ್ಲ. ಬಿಕ್ಕಳಿಕೆ ಕಡಿಮೆಯಾಗುತ್ತಾ ಬಂದಾಗ ಎದ್ದು ನಿಂತು, ಉಳಿದ ಐದು ಹಾಸಿಗೆಯವರಿಗೂ ಅವರ ಮನೆಯವರಿಗೂ ಕೇಳುವಂತೆ ಮಾತಾಡಿದರು.

"ಎಲ್ಲರೂ ಕೇಳಿಸಿಕೊಳ್ಳಿ. ಹುಳಿ ಬಾಯಿಗೆ ಹಾಕ್ಕೊಳ್ಳಿ ಅಂದೋನು ನಾನು. ಯಾವ ಹುಳಿ ಅಂತ ಹೇಳಲಿಲ್ಲ. ಶಾಂತವ್ವ ನಾನು ಹೇಳಿದ್ದನ್ನೇ ಮಾಡಿದಾಳೆ, ಉಪ್ಪು ಕೂಡ ಹಚ್ಚಿಲ್ಲ. ಹಣ್ಣು ಕೊಟ್ಟೋರು ನಾನು ಹೇಳಿದ್ದನ್ನೇ ನಂಬಿ ಕೊಟ್ಟಿದಾರೆ. ತಪ್ಪು ನನ್ನದು. ಕಮರಾಕ್ಷಿ ಯಾರೂ ಮುಟ್ಟಬೇಡಿ. ನಾಳೆಯಿಂದ ಏನು ತಿಂತೀರಿ ಅಂತ ಬಾಯಲ್ಲಿ ಹೇಳಬೇಡಿ. ಡಬ್ಬಿ ತಂದು ತೆರೆದು ತೋರಿಸಿ."

ಮೂಲೆಯ ಹಾಸಿಗೆಯ ಅಜ್ಜಿಯೊಬ್ಬರು, "ನಿಂಬೆಹಣ್ಣು ಪರವಾಗಿಲ್ವಾ ಡಾಕ್ಟ್ರೆ?" ಎಂದು ಕೇಳಿದರು. "ನಿಂಬೆ ಒಂದು ಹೋಳು ಪರವಾಗಿಲ್ಲಮ್ಮ" ಎಂದು ಕುಳಿತರು.

ಸಂಜೆ ಶಾಂತವ್ವನವರು ಕಣ್ಣು ಬಿಟ್ಟರು. ತಂಗಿಯ ಹೆಸರು ಹೇಳಿದರು, ನನ್ನನ್ನು ಗುರುತಿಸಿದರು. ಪಕ್ಕದ ಹಾಸಿಗೆಯಲ್ಲಿ ಬೇರೆ ಯಾರೋ ಇರುವುದನ್ನು ನೋಡಿ, ಒಣಗಿದ ಬಾಯಲ್ಲೇ ಕೇಳಿದರು: "ಯಜಮಾನ್ರು ಎಲ್ಲದಾರ್ರಿ? ಮುದ್ದಿ ಜಾರಿ ಅವ್ರನ್ನೂ ಎಳಕೊಂಡು ಹೋತೇನ್ರಿ?" ಡಾಕ್ಟರು ಮುಖ ಆ ಕಡೆ ತಿರುಗಿಸಿದರು.

ಆ ವಿಷ ಒಂದೇ ಸಲಕ್ಕೆ ಹೋಗುವುದಿಲ್ಲ, ಇನ್ನೂ ಎರಡು ದಿನ ಮೆಷಿನ್ನಿಗೆ ಹಾಕಬೇಕಾಯಿತು. ಶಾಂತವ್ವನವರು ಉಳಿದರು. ಆಮೇಲೆ ಬಹಳ ವರ್ಷ ನಮ್ಮಲ್ಲಿಗೇ ಬಂದರು.

ಡಾಕ್ಟರ ಬಗ್ಗೆ ಮಾತಾಡುವವರು ಅವರ ಲೇಖನಗಳ ಹೆಸರು ಹೇಳುತ್ತಾರೆ. ನನಗೆ ಕಾಣುವುದು ತೂಕದ ಯಂತ್ರದ ಪಕ್ಕದ ಸಣ್ಣ ಮೇಜು. ಬಂದವರು ಚಪ್ಪಲಿ ಬಿಟ್ಟು, ಊಟದ ಡಬ್ಬಿಯನ್ನು ಆ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದು, ಆಮೇಲೆ ಯಂತ್ರ ಹತ್ತುತ್ತಿದ್ದರು. ಅದರಿಂದ ನಾವು ಕಲಿತದ್ದು ಬಹಳ: ಉಪ್ಪಿಲ್ಲ ಎಂದು ಹೇಳಿದ ಪಲ್ಯದ ಕೆಳಗೆ ಚಟ್ನಿಪುಡಿ ಇರುತ್ತಿತ್ತು, ಔಷಧಿ ಎಂದು ಯಾರೋ ಕೊಟ್ಟ ಬೇರಿನ ಪುಡಿ ಇರುತ್ತಿತ್ತು. ಬಾಯಿ ಮರೆಯುವುದನ್ನು ಡಬ್ಬಿ ಹೇಳುತ್ತಿತ್ತು. ಘಟಕ ಈಗ ಬೇರೆಯವರ ಕೈಯಲ್ಲಿದೆ, ಮೆಷಿನ್ನುಗಳೆಲ್ಲ ಹೊಸವು. ಆ ಮೇಜು ಮಾತ್ರ ಅಲ್ಲೇ ಇದೆ ಎಂದು ಅಲ್ಲಿ ಕೆಲಸ ಮಾಡುವ ಹುಡುಗಿ ಹೇಳಿದಳು. ಅದು ಯಾಕೆ ಬಂತೆಂದು ಅವಳಿಗೆ ಗೊತ್ತಿರಲಿಲ್ಲ.

ಆ ಸೋಮವಾರ ಸಂಜೆ ಮನೆಗೆ ಹೊರಡುವ ಮೊದಲು, ಬೆಳಗಿನ ಸರದಿ ನೆನಪಿಸಲು ಚಿಕ್ಕಮುನಿಯಪ್ಪನವರ ಮನೆಗೆ ಫೋನ್ ಮಾಡಿದೆ. ಸೊಸೆ ಎತ್ತಿಕೊಂಡರು.

"ಮಾವ ಬರಲ್ವಂತೆ ಮೇಡಂ. ನಾಳೆ ಅಂತಲ್ಲ, ಇನ್ನು ಮೇಲೆ ಬರೋದೇ ಇಲ್ವಂತೆ. ಒಂದು ಹೆಣ್ಣುಮಗಳ ಜೀವ ತಿಂದು ನಾನು ಮೆಷಿನ್ ಮೇಲೆ ಮಲಗ್ಲಾ ಅಂತಾರೆ. ಊಟಾನೂ ಮಾಡಿಲ್ಲ."

"ಶಾಂತವ್ವ ಚೆನ್ನಾಗಾಗ್ತಿದ್ದಾರೆ ಅಂತ ಹೇಳಿ."

"ಹೇಳಿದ್ರೆ ನಂಬಲ್ಲ. ಸಮಾಧಾನಕ್ಕೆ ಹೇಳ್ತೀರಿ ಅಂತಾರೆ."

ರೋಗಿಗಳ ಮನೆಗೆ ಹೋಗಬಾರದು ಎಂಬುದು ನಾನು ಮೊದಲಿನಿಂದ ಇಟ್ಟುಕೊಂಡಿದ್ದ ನಿಯಮ. ಡಾಕ್ಟರದಲ್ಲ, ನನ್ನದು. ಕೆಲಸದ ಜಾಗದಿಂದ ಯಾವುದನ್ನೂ ಮನೆಗೆ ಒಯ್ಯುತ್ತಿರಲಿಲ್ಲ, ಯಾರ ಮನೆಗೂ ಹೋಗುತ್ತಿರಲಿಲ್ಲ. ಆ ಸಂಜೆ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಮಂಗಳವಾರ ನನಗೆ ರಜೆ. ಮರುದಿನ ಬೆಳಿಗ್ಗೆ ಬೆಳಕು ಹರಿಯುವಾಗಲೇ ವಿಜಯನಗರಕ್ಕೆ ಹೋಗಿ ಉಲ್ಲಾಳದ ಬಸ್ಸು ಹಿಡಿದೆ. ಹಾಲಿನ ಬೂತಿನಲ್ಲಿ ಮುನಿಯಪ್ಪನವರ ಮನೆ ಎಂದರೆ ತಕ್ಷಣ ತೋರಿಸಿದರು. ಅವರು ಮನೆಯ ಹಿಂದೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಮಲಗಲು ಆಗದೆ ಕೂತೇ ಕಳೆದಿದ್ದರೆಂದು ಉಸಿರಿನಲ್ಲೇ ತಿಳಿಯುತ್ತಿತ್ತು. ಪಾದ ಊದಿತ್ತು. ಮೇಲೆ ಮರದ ತುಂಬ ಹಣ್ಣು.

"ನೀವ್ಯಾಕೆ ಬಂದ್ರಿ ಮೇಡಂ? ಮರ ಕಡಿಯೋನಿಗೆ ಹೇಳಿ ಕಳ್ಸಿದೀನಿ. ಅವನು ಬಂದು ಹೋಗ್ಲಿ, ಆಮೇಲೆ ನಂದು ಮುಗೀತು."

ನನಗೆ ಸಮಾಧಾನದ ಮಾತು ಬರುವುದಿಲ್ಲ. ಪೇಪರ್ ಬಿಚ್ಚಿ ಚಪ್ಪಲಿಯನ್ನು ಅವರ ಪಾದದ ಮುಂದಿಟ್ಟೆ.

"ತೂಕದ ಹತ್ರ ಬಿಟ್ಟು ಬಂದಿದ್ರಿ."

ಅವರು ಚಪ್ಪಲಿಯನ್ನೇ ನೋಡಿದರು. "ಆ ಹೆಣ್ಣುಮಗಳು?"

ಶಾಂತವ್ವನವರು ಹೇಳಿದ್ದನ್ನು ಹಾಗೆಯೇ ಹೇಳಿದೆ, ಮುದ್ದೆ ಜಾರಿ ನಿಮ್ಮನ್ನೂ ಎಳೆದುಕೊಂಡು ಹೋಯಿತೇ ಎಂದು ಕೇಳಿದರೆಂದು. ನನ್ನ ಬಾಯಲ್ಲಿ ಗದಗಿನ ಮಾತು ಸರಿಯಾಗಿ ಬರಲಿಲ್ಲ. ಆದರೆ ಅದು ನಾನು ಕಟ್ಟಿದ ಮಾತಲ್ಲವೆಂದು ಅವರಿಗೆ ತಿಳಿಯಿತು. ಮುಖದ ಒಂದು ಬದಿ ಸಡಿಲವಾಯಿತು.

"ಹಂಗಂದ್ಲಾ, ತರಲೆ."

"ಹಂಗೇ ಅಂದ್ರು. ಡಾಕ್ಟ್ರೂ ಒಂದು ಮಾತು ಹೇಳಿದ್ರು, ನೀವು ಹೊರಟ ಮೇಲೆ. ತಪ್ಪು ನನ್ನದು, ಕೊಟ್ಟೋರು ನನ್ನ ಮಾತು ನಂಬಿ ಕೊಟ್ಟರು ಅಂತ."

"ನಿಮ್ಮತ್ರ ಹೇಳಿದ್ರಾ?"

"ಎಲ್ಲರ ಮುಂದೆ. ನಿಂತುಕೊಂಡು."

ಅವರು ಬೆಂಚಿನ ಅಂಚು ಹಿಡಿದು ಒಂದು ಕಾಲನ್ನು ಚಪ್ಪಲಿಗೆ ತೂರಿಸಿದರು. ಊತಕ್ಕೆ ಹೋಗಲಿಲ್ಲ. ನಾನು ಬಾಗಿ ಪಟ್ಟಿ ಸಡಿಲ ಮಾಡಿದೆ.

"ಮರ ಏನ್ ಮಾಡ್ಲಿ ಮೇಡಂ?"

"ಮಧ್ಯಾಹ್ನ ವಾಪಸ್ ಬಂದು ಯೋಚನೆ ಮಾಡಿ. ಈಗ ಮೊದಲ ಸರದಿ ನಿಮ್ಮದು."

ಸೊಸೆ ಓಡಿ ಹೋಗಿ ಆಟೋ ಕರೆತಂದರು, ಅವಸರದಲ್ಲಿ ಒಂದು ಊಟದ ಡಬ್ಬಿಯನ್ನೂ ಕೈಗಿತ್ತರು. ಆಟೋ ಉಲ್ಲಾಳ ದಾಟಿದ ಮೇಲೆ ಡಬ್ಬಿಯನ್ನು ನನ್ನ ಕಡೆ ಕೊಡಿ ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ತಾವೇ ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದರು. ಅಂಗೈಯಗಲ ಮುದ್ದೆ, ಪಕ್ಕದಲ್ಲಿ ಸೋರೆಕಾಯಿ ಪಲ್ಯ. ಒಂದು ಚೂರು ಪಲ್ಯ ತೆಗೆದು ನಾಲಿಗೆಗೆ ಹಾಕಿ ನೋಡಿದೆ. ಉಪ್ಪಿರಲಿಲ್ಲ.

"ಸರಿ ಇದೆ" ಎಂದು ಮುಚ್ಚಳ ಮುಚ್ಚಿದೆ.